ಬೆನ್ನ ಹಿಂದಿನ ಜಾಗ

ಫೆಬ್ರವರಿ ೧೧

ಭಾಮೈದ,

ಕುರ್ಚಿ ಹೇಗಿದೆ? ತಿರುಗುತ್ತಂತೆ, ನಿನ್ನಕ್ಕ ಹೇಳಿದಳು. ತಿರುಗೋ ಕುರ್ಚಿಯಲ್ಲಿ ಒಂದು ಅನುಕೂಲ ಇದೆ. ಎದ್ದು ಹೋಗೋ ಕಷ್ಟವಿಲ್ಲದೆ ಯಾರಿಗೆ ಬೇಕಾದರೂ ಬೆನ್ನು ಮಾಡಬಹುದು.

ನಿನಗೆ ಬರೆದು ವರ್ಷದ ಮೇಲಾಯಿತು. ನಾನಾಗಿ ಬರೆಯುತ್ತಲೂ ಇರಲಿಲ್ಲ. ನೀನು ಹೆಡ್ಡಾಫೀಸಿಗೆ ಹೋಗುವ ಸುದ್ದಿಯನ್ನು ನಮ್ಮ ಫೈರ್ ಸ್ಟೇಷನ್ನಿನ ನೋಟೀಸ್ ಬೋರ್ಡಿನಲ್ಲಿ ಓದಿ ತಿಳಿದವನು ನಾನು. ಹೆಂಡತಿಯ ಒಡಹುಟ್ಟಿದವನು, ಅದಕ್ಕೂ ಮೊದಲು ಜೊತೆಗಾರ, ಇಷ್ಟು ವರ್ಷ ನನ್ನ ಬೆನ್ನಿಗೆ ಭುಜ ಕೊಟ್ಟು ಹೊಗೆಯೊಳಗೆ ನಡೆದವನು, ಹೋಗುವಾಗ ಒಂದು ಮಾತು ಆಡಲಿಲ್ಲ. ಹೋಗಲಿ ಬಿಡು ಅಂತ ಬಿಟ್ಟಿದ್ದೆ. ಈಗ ಬಿಡಲಾಗದ ಸುದ್ದಿ ಬಂದಿದೆ.

ನಿನ್ನ ಜಾಗಕ್ಕೆ ಯಾರೂ ಬರಲಿಲ್ಲ. ಪಾಳಿಗೆ ಈಗ ಮೂರೇ ಜನ. ಹೆಡ್ಡಾಫೀಸಿನ ಆರನೇ ಮಹಡಿ ಹತ್ತಿದವರು ಮೊದಲು ಮರೆಯೋದು ನೆಲವನ್ನು. ಅದಕ್ಕೆ ನಿನಗೆ ಗೊತ್ತಿರೋದನ್ನೇ ಮತ್ತೆ ಹೇಳ್ತೀನಿ, ಕೇಳು. ಬೆಂಕಿಯ ಮುಂದೆ ಏನಿಲ್ಲ ಅಂದರೂ ನಾಲ್ಕು ಜನ ಬೇಕು. ಒಬ್ಬ ಗಾಡಿಯ ಹತ್ತಿರ, ಪಂಪಿಗೆ. ಒಬ್ಬ ಬಾಗಿಲಲ್ಲಿ, ಪೈಪು ಸಿಕ್ಕಿಕೊಳ್ಳದ ಹಾಗೆ ಒಳಗೆ ಬಿಡೋಕೆ, ಹೊರಗಿನ ಸುದ್ದಿ ಒಳಕ್ಕೆ ಕೂಗೋಕೆ. ಇಬ್ಬರು ಒಳಗೆ. ಆ ಇಬ್ಬರಲ್ಲಿ ಮುಂದಿನವನು ಬೆಂಕಿ ನೋಡ್ತಾನೆ, ಹಿಂದಿನವನು ವಾಪಸ್ ಬರೋ ದಾರಿ ನೋಡ್ತಾನೆ. ನೀರು ಪೂರ್ತಿ ತೆರೆದಾಗ ಪೈಪಿನ ತುದಿಯ ನಾಜಲ್ಲು ಕೋಣದ ಹಾಗೆ ಎದೆಗೆ ಗುಮ್ಮುತ್ತೆ. ಆಗ ಮುಂದಿನವನು ಹಿಂದಕ್ಕೆ ಒರಗ್ತಾನೆ. ಹಿಂದಿನವನ ಭುಜವೇ ಅವನಿಗೆ ಗೋಡೆ.

ಈಗ ಪಂಪಿಗೆ ನಮ್ಮ ಮೀಸೆ ಡ್ರೈವರ್ ಇದ್ದಾನೆ. ಬಾಗಿಲಿಗೆ ತಾತ ಇದ್ದಾನೆ. ಹೆಸರಿಗೆ ಪಾಳಿಯ ಮುಖ್ಯಸ್ಥ, ಎದೆಯೊಳಗೆ ಒಂದು ಆಯುಷ್ಯದ ಹೊಗೆ, ಮೆಟ್ಟಿಲು ಹತ್ತಿದರೆ ಸೀಟಿ ಹೊಡೀತಾನೆ. ಒಳಗೆ ನಾನು. ನನ್ನ ಹಿಂದೆ ಯಾರೂ ಇಲ್ಲ.

ಪಾಳಿ ಮುಗಿಸಿ ಬಂದು ಹಗಲು ಮಲಗಿದಾಗ ಒಂದೇ ಕನಸು ಬೀಳುತ್ತೆ. ಒಂದು ಮನೆ, ಪೂರ್ತಿ ಹೊಗೆಯಿಂದಲೇ ಕಟ್ಟಿದ್ದು. ಗೋಡೆ ಹೊಗೆ, ಮೆಟ್ಟಿಲು ಹೊಗೆ. ಕಾಲಿಟ್ಟರೆ ಹತ್ತಿಯ ಹಾಗೆ ಕುಸಿಯುತ್ತೆ, ಆದರೆ ಬೀಳಿಸೋದಿಲ್ಲ. ಪೈಪಿನಿಂದ ನೀರಿನ ಬದಲು ಬೆಳಕು ಬರ್ತಿರುತ್ತೆ. ನನ್ನ ಹಿಂದೆ ಯಾರೋ ಉಸಿರಾಡ್ತಿರ್ತಾರೆ. ತಿರುಗಿ ನೋಡಿದರೆ ಎಚ್ಚರ ಆಗಿಬಿಡುತ್ತೆ ಅಂತ ಕನಸಿನಲ್ಲೇ ಗೊತ್ತು. ಅದಕ್ಕೆ ತಿರುಗೋದಿಲ್ಲ. ಹತ್ತುತ್ತಾ ಇರ್ತೀನಿ, ಎಷ್ಟೋ ನೆಮ್ಮದಿಯಾಗಿ.

ಇನ್ನು ಸುದ್ದಿ. ಎಲ್ಲ ಸ್ಟೇಷನ್ನುಗಳಿಗೂ ಪಾಳಿಗೆ ಮೂರೇ ಜನ ಸಾಕು ಅಂತ ಖಾಯಂ ಆದೇಶ ಬರುತ್ತಂತೆ. ಕಡತ ನಿನ್ನ ಮೇಜಿಗೆ ಬಂದಿದೆಯಂತೆ. ಮೂವರಿಂದ ಆಗುತ್ತೆ ಅನ್ನೋದಕ್ಕೆ ಪುರಾವೆ ಏನು ಗೊತ್ತಾ? ನಾವೇ. ಹಾಸಿಗೆ ಗೋದಾಮಿನ ಬೆಂಕಿ. ವರದಿಯಲ್ಲಿ ಮೂವರೇ ಇದ್ದಾರಲ್ಲ: ಡ್ರೈವರ್, ನಾನು, ನೀನು. ತಾತ ಆ ದಿನ ರಜೆ, ಪಾಳಿಗೆ ಹಿರಿಯ ನಾನೇ. ಮೂವರಿಗೂ ಪದಕ. ಆ ದಿನ ಬಾಗಿಲಲ್ಲಿ ನಿಂತು ಪೈಪು ಬಿಟ್ಟವಳು ಯಾರು ಅಂತ ಬೀದಿಗೆಲ್ಲ ಗೊತ್ತು, ವರದಿಗೆ ಮಾತ್ರ ಗೊತ್ತಿಲ್ಲ. ತಮ್ಮನಿಗೆ ಊಟದ ಡಬ್ಬಿ ತಂದವಳು ಡಬ್ಬಿಯನ್ನು ರಸ್ತೆಯಲ್ಲೇ ಇಟ್ಟು ಓಡಿ ಬಂದು ಪೈಪು ಹಿಡಿದಳು. ಅದೇ ಪೈಪಿನ ಈ ತುದಿಯಲ್ಲಿದ್ದವನನ್ನು ಆಮೇಲೆ ಮದುವೆಯೂ ಆದಳು.

ಆ ಕಡತದಲ್ಲಿ ನೀನು ಏನು ಬರೀತೀಯ? ಅಷ್ಟು ಹೇಳು ಸಾಕು.

ಇಂತಿ,
ನಿನ್ನ ಮುಂದೆ ನಡೆದ ಭಾವ

(ಆ ಊಟದ ಡಬ್ಬಿ ಇನ್ನೂ ಸಿಕ್ಕಿಲ್ಲ ಕಣೋ. ಯಾವನೋ ಪುಣ್ಯಾತ್ಮ ಉಂಡು ಡಬ್ಬೀನೂ ಹೊತ್ತುಕೊಂಡು ಹೋದ. — ಅಕ್ಕ)


ಮಾರ್ಚ್ ೧

ಭಾವನವರಿಗೆ,

ನಿಮ್ಮ ಪತ್ರ ಓದಿದೆ. ಬೈಗುಳ ಕಮ್ಮಿ ಇತ್ತು, ಅದಕ್ಕೇ ಹೆದರಿಕೆ ಆಯಿತು.

ಇಲ್ಲಿ ಎಲ್ಲವೂ ನೀರಿನ ತಳದಲ್ಲಿ ನಡೆದ ಹಾಗೆ. ಕಿಟಕಿಗಳು ತೆರೆಯೋದಿಲ್ಲ, ಗಾಜು ಅಷ್ಟೆ. ಜನ ಒಂದು ಕೋಣೆಯಿಂದ ಇನ್ನೊಂದಕ್ಕೆ ತೇಲ್ತಾರೆ. ಕಾಗದಗಳು ಅವರಿಗಿಂತ ನಿಧಾನ ತೇಲ್ತವೆ. ಗಂಟೆ ಹೊಡೆದರೆ ಯಾರೂ ಓಡೋದಿಲ್ಲ. ಗಂಟೆ ಅಂದರೆ ಇಲ್ಲಿ ಚಹಾ. ಮೊದಲ ವಾರ ನಾನೊಬ್ಬನೇ ಎದ್ದು ಓಡಿದ್ದೆ, ಮೆಟ್ಟಿಲವರೆಗೂ. ಈಗ ಓಡೋದಿಲ್ಲ. ಕಾಲು ಮಾತ್ರ ಮೇಜಿನ ಕೆಳಗೆ ಒಂದು ಸಲ ನಡುಗುತ್ತೆ.

ಕಡತ ಇರೋದು ನಿಜ. ನಾನು ಅದನ್ನು ಹುಟ್ಟಿಸಿದವನಲ್ಲ, ಗಾಣದ ಎತ್ತು ಅಷ್ಟೆ. ನೇಮಕಾತಿ ನಿಂತು ಬಹಳ ಕಾಲ ಆಯಿತು ಅನ್ನೋದು ನಿಮಗೂ ಗೊತ್ತು. ಖಾಲಿ ಹುದ್ದೆ ತುಂಬಿಸೋಕೆ ಮನಸ್ಸಿಲ್ಲದಿದ್ದರೆ ಒಂದು ಉಪಾಯ ಇದೆ: ಹುದ್ದೆಯನ್ನೇ ತೆಗೆದುಬಿಡೋದು. ಹುದ್ದೆಯೇ ಇಲ್ಲದ ಮೇಲೆ ಖಾಲಿ ಅನ್ನೋ ಮಾತೆಲ್ಲಿ? ನಮ್ಮ ದೊಡ್ಡ ಸಾಹೇಬರು ಇದನ್ನು ಎಷ್ಟು ಮೃದುವಾಗಿ ಹೇಳ್ತಾರೆ ಅಂದರೆ ಜೋಗುಳ ಕೇಳಿದ ಹಾಗಿರುತ್ತೆ. ನನ್ನ ಅಭಿಪ್ರಾಯ ಕೇಳಿದ್ದಾರೆ, ಬೆಂಕಿಯ ಮುಂದೆ ನಿಂತು ಬಂದವನು ಇಡೀ ಮಹಡಿಯಲ್ಲಿ ನಾನೊಬ್ಬನೇ ಅಂತ. "ನೀವೇ ಮಾಡಿ ತೋರಿಸಿದ್ದೀರಲ್ಲಪ್ಪ" ಅಂತಾರೆ. ಇನ್ನೂ ಏನೂ ಬರೆದಿಲ್ಲ.

ಯಾಕೆ ಹೇಳದೆ ಬಂದೆ ಅಂತ ನೀವು ಕೇಳಲಿಲ್ಲ. ಹಿಂದೆ ಇರೋನಿಗೆ ಬೆಂಕಿ ಕಾಣೋದಿಲ್ಲ ಭಾವ. ಒಂದು ಬೆನ್ನು ಕಾಣುತ್ತೆ. ವರ್ಷಗಟ್ಟಲೆ ಒಂದೇ ಬೆನ್ನು ನೋಡಿದೆ. ಅದು ಅಕ್ಕನ ಗಂಡನ ಬೆನ್ನು ಆದಮೇಲೆ ನೋಡೋದು ಕಷ್ಟ ಆಗ್ತಾ ಬಂತು. ಇಷ್ಟೇ ಬರೀತೀನಿ.

ಇಂತಿ,
ನಿಮ್ಮ ಭಾಮೈದ


ಮಾರ್ಚ್ ೧೫

ಲೋ ತಮ್ಮಾ,

ಮದುವೆಗೆ ಮುಂಚೆ ಅವರನ್ನ ‘ಲೇ, ಬಾರೋ’ ಅಂತಿದ್ದವನು ಈಗ ‘ಭಾವನವರಿಗೆ’ ಅಂತ ಬರೆದಿದ್ದೀಯ. ಅವರು ಅದನ್ನ ಎರಡು ಸಲ ಓದಿ, "ನಿನ್ನ ತಮ್ಮ ನನಗೆ ಆಫೀಸಿನಿಂದ ಮೆಮೋ ಕಳಿಸಿದ್ದಾನೆ" ಅಂದರು. ನಕ್ಕರು. ಆಮೇಲೆ ಅದನ್ನ ಮಡಿಚಿ ದಿಂಬಿನ ಕೆಳಗಿಟ್ಟರು.

ಮನೆ ಸುದ್ದಿ ಹೇಳ್ತೀನಿ. ಊಟಕ್ಕೆ ಕೂತವರು ನಡುವೆ ಹಿಂದಕ್ಕೆ ತಿರುಗಿ ನೋಡ್ತಾರೆ. ಗೋಡೆ ಇರುತ್ತೆ. ಮತ್ತೆ ಉಣ್ತಾರೆ. ಹಗಲು ಮಲಗಿದ್ದಾಗ ನಗ್ತಾರೆ, ಹಾಲು ಕುಡಿಯೋ ಕೂಸು ನಿದ್ದೆಯಲ್ಲಿ ನಗೋ ಹಾಗೆ. ಎದ್ದ ಮೇಲೆ ಮುಖ ಕಪ್ಪು. ನಾನು ಕೇಳೋದಿಲ್ಲ. ಅವರ ಕನಸಿನೊಳಗೆ ಅವರ ಬೆನ್ನ ಹಿಂದೆ ಇರೋನು ನೀನು ಅಂತ ನನಗೆ ಗೊತ್ತು, ಅದನ್ನ ನಿನಗೆ ಬಾಯಿಬಿಟ್ಟು ಬರೆಯೋಷ್ಟು ಮೆತ್ತಗಿನ ಮನುಷ್ಯ ಅಲ್ಲ ಅವರು.

ನಿನ್ನ ಸಾಹೇಬನ ಜೋಗುಳ ನಮಗೆ ಹೊಸದಲ್ಲಪ್ಪ. ನಮ್ಮ ಬಟ್ಟೆ ಫ್ಯಾಕ್ಟರಿಯಲ್ಲೂ ಮೂರು ಮಿಷನ್ನಿಗೆ ಇಬ್ಬರು ಹೆಂಗಸರನ್ನ ಕೂರಿಸಿದರು. ‘ಮಾಡ್ತೀರಮ್ಮ, ನೀವು ಗಟ್ಟಿಗಿತ್ತಿಯರು’ ಅಂದರು. ಮಾಡಿದೆವು. ಮಾಡಿದ್ದೇ ತಪ್ಪಾಯ್ತು. ಮಾಡಿದ ಮಾರನೇ ದಿನದಿಂದ ಅದೇ ರೂಲು. ಬಡವರು ಒಂದು ಸಲ ಜೀವ ಒತ್ತೆ ಇಟ್ಟು ಗೆದ್ದರೆ, ಮೇಲಿನವರು ಅದನ್ನ ದಿನದ ಕೂಲಿ ಕೆಲಸ ಮಾಡಿಬಿಡ್ತಾರೆ. ನಿನಗೆ ಕೊಟ್ಟ ಪದಕ ಇದೆಯಲ್ಲ, ಅದು ಪದಕ ಅಲ್ಲ, ಮುಂಗಡ.

ಬರಿ. ಮೂವರಲ್ಲ, ನಾಲ್ವರಿದ್ದೆವು ಅಂತ ಬರಿ. ನಾಲ್ಕನೆಯವಳು ನನ್ನಕ್ಕ ಅಂತ ಬರಿ. ಬಾಗಿಲ ಕೆಳಗೆ ಪೈಪು ಮಡಿಚಿಕೊಂಡು ನೀರು ನಿಂತಾಗ, ಕೈ ಸುಟ್ಟುಕೊಂಡು ಬಿಡಿಸಿದವಳು ನಾನು. ಬಿಡಿಸದೆ ಹೋಗಿದ್ದರೆ ಇವತ್ತು ಆರನೇ ಮಹಡಿಯಲ್ಲಿ ನಿನ್ನ ಬದಲು ನಿನ್ನ ಫೋಟೋ ತೇಲ್ತಿತ್ತು. ಸಾಕ್ಷಿ ಬೇಕು ಅಂದರೆ ನನ್ನ ಕೈ ಇದೆ. ಬಂದು ನೋಡಲಿ.

ನಿನ್ನ
ಅಕ್ಕ


ಏಪ್ರಿಲ್ ೨

ಅಕ್ಕಾ,

ನೀನು ಹೇಳಿದ ಹಾಗೆ ಬರೆದರೆ ಏನಾಗುತ್ತೆ ಗೊತ್ತಾ? ಹೊರಗಿನವರನ್ನು ಬೆಂಕಿಯ ಹತ್ತಿರ ಬಿಟ್ಟ ತಪ್ಪಿಗೆ ಭಾವನಿಗೆ ನೋಟೀಸು. ಮೂವರ ಪದಕವೂ ವಾಪಸು. ಭಾವನ ಸರ್ವಿಸಿಗೆ ಕಪ್ಪುಚುಕ್ಕೆ. ಕಡತ ಮಾತ್ರ ಹಾಗೇ ಮುಂದಕ್ಕೆ ಹೋಗುತ್ತೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ, ಇಲ್ಲಿಯ ಧರ್ಮ ಅದೇ.

ಅದಕ್ಕೆ ನಾನೊಂದು ದಾರಿ ಮಾಡಿದ್ದೀನಿ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ‘ಸಂದರ್ಭಾನುಸಾರ ಮೂವರು ಸಾಕಾಗಬಹುದಾದರೂ, ಸ್ಥಳೀಯ ಸ್ಥಿತಿಗತಿಗಳನ್ನು ಪರಿಗಣಿಸುವುದು ಸೂಕ್ತ’ ಅಂತ ಬರೆದೆ. ಇದರಿಂದ ಕಡತ ಇನ್ನೊಂದು ಮೇಜಿಗೆ ಹೋಗುತ್ತೆ, ಅಲ್ಲಿಂದ ಇನ್ನೊಂದಕ್ಕೆ. ವರ್ಷ ಕಳೆಯುತ್ತೆ. ಇಲ್ಲಿ ಗೆಲುವು ಅಂದರೆ ಇಷ್ಟೆ ಅಕ್ಕ, ನಿಧಾನ ಮಾಡೋದು. ಬರೆದು ಮುಗಿಸಿದಾಗ, ಸುಳ್ಳು ಯಾಕೆ, ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಭಾವನಿಗೆ ಹೇಳು, ಅಲ್ಲಿಯವರೆಗೆ ಒಬ್ಬರೇ ಒಳಗೆ ಹೋಗಬೇಡಿ ಅಂತ.

ಇಂತಿ,
ತಮ್ಮ


ಏಪ್ರಿಲ್ ೨೦

ಭಾಮೈದ,

ಅಕ್ಷರ ನಿನ್ನಕ್ಕಂದು, ಮಾತು ನನ್ನದು. ನನ್ನ ಬಲಗೈ ಕೊರಳಿಗೆ ಕಟ್ಟಿದೆ. ಹೆದರಬೇಡ. ಭುಜದ ಮೂಳೆ, ಎರಡು ಪಕ್ಕೆಲುಬು.

(ಮೂರು. ಇವರು ಎಲ್ಲಾನೂ ಒಂದು ಕಮ್ಮಿ ಹೇಳೋದು ಕಲಿತಿದ್ದಾರೆ, ಹೆಡ್ಡಾಫೀಸಿನ ಹಾಗೆ. — ಅಕ್ಕ)

ಒಬ್ಬನೇ ಒಳಗೆ ಹೋಗಬೇಡ ಅಂದಿದ್ದೆ. ಒಳ್ಳೆ ಮಾತು. ಆದರೆ ಹಳೆ ಪೇಪರ್ ಗೋಡೌನಿನ ಮುಂದೆ ಒಬ್ಬಳು ಹೆಂಗಸು ನಿಂತು "ವಾಚ್‌ಮನ್ ಒಳಗಿದಾನೆ" ಅಂತ ಕೂಗ್ತಿದ್ದಳು. ಆಗ ನಿನ್ನ ಸ್ಥಳೀಯ ಸ್ಥಿತಿಗತಿ ಪರಿಗಣಿಸೋಕೆ ನನಗೆ ನೆನಪಾಗಲಿಲ್ಲ.

ಬೆಳಗಿನ ಹೊತ್ತು. ಒಳಗೆ ಹೊಗೆ, ಹೊಗೆಯೊಳಗೆ ಬಿಸಿಲಿನ ಕೋಲುಗಳು. ಸುಟ್ಟ ಕಾಗದದ ಚೂರುಗಳು ಮೇಲಿಂದ ಇಳೀತಾ ಇದ್ದವು, ಅಂಚು ಕೆಂಪಗೆ, ಹಗುರವಾಗಿ, ಯಾವ ಅವಸರವೂ ಇಲ್ಲದೆ. ಸದ್ದೇ ಇಲ್ಲ. ಅಥವಾ ಇತ್ತು, ನನಗೆ ಕೇಳಲಿಲ್ಲ. ನಿಜ ಹೇಳ್ತೀನಿ, ಚೆಂದ ಇತ್ತು. ನನ್ನ ಕನಸಿನ ಮನೆಯ ಹಾಗೇ ಇತ್ತು. ಅದೇ ಕೇಡಾಯಿತು. ಬೆಂಕಿ ಎದುರು ಬಂತು, ನಾನು ನೀರು ಪೂರ್ತಿ ತೆರೆದೆ. ತೆರೆದು, ಒರಗಿದೆ.

ಗೊತ್ತಾಯಿತಲ್ಲ? ಒರಗಿದೆ. ಹಿಂದೆ ನೀನಿದ್ದೀಯ ಅಂತ ಮೈ ನಂಬಿತ್ತು. ತಲೆಗೆ ಗೊತ್ತಿತ್ತು, ಮೈಗೆ ಯಾರೂ ಹೇಳಿರಲಿಲ್ಲ.

(ಇಲ್ಲಿ ಇವರು ಹಿಂದಕ್ಕೆ ತಿರುಗಿ ಗೋಡೆ ನೋಡಿದರು. ನಾನು ಪೆನ್ನು ಕೆಳಗಿಟ್ಟೆ. — ಅಕ್ಕ)

ಬಿದ್ದೆ. ನಾಜಲ್ಲು ಕೈ ತಪ್ಪಿ ಹಾವಿನ ಹಾಗೆ ಎದ್ದು ಬಡಿಯಿತು, ಭುಜಕ್ಕೆ, ಪಕ್ಕೆಗೆ. ದಾರಿ ನೋಡಿಟ್ಟುಕೊಂಡವರು ಯಾರೂ ಇಲ್ಲ. ತಾತ ಬಾಗಿಲು ಬಿಟ್ಟು ಒಳಗೆ ಬಂದ, ಆ ಎದೆ ಇಟ್ಟುಕೊಂಡು, ಪೈಪನ್ನೇ ತಡವಿಕೊಂಡು. ನನ್ನ ಕಾಲರು ಹಿಡಿದು ಎಳೆದ. ಇನ್ನೂ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಕೆಮ್ಮುತ್ತಾ ಇದ್ದಾನೆ. ಕೆಮ್ಮಿನ ನಡುವೆ ನನ್ನನ್ನು ಬೈತಾನೆ.

ವಾಚ್‌ಮನ್ ಯಾವಾಗಲೋ ಹಿಂದಿನ ಕಿಟಕಿಯಿಂದ ಹಾರಿ ಬಂದು ಜನರ ಮಧ್ಯೆ ನಿಂತು ಚಹಾ ಕುಡೀತಾ ಬೆಂಕಿ ನೋಡ್ತಿದ್ದನಂತೆ. ಬಾಗಿಲಲ್ಲಿ ಇನ್ನೊಬ್ಬ ಇದ್ದು, ಕೂಗಿ ಹೇಳಿದ್ದರೆ ಆಗ್ತಿತ್ತು. ತಾತನ ಕೂಗು ಎರಡು ಮಾರು ದಾಟೋದಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಇದನ್ನ ಬರೆಸಲೇಬೇಕು ಅಂತ ಬರೆಸಿದೆ.

ಇಂತಿ,
ಭಾವ

(ಅವರಿಗೆ ಸಿಟ್ಟಿಲ್ಲ. ನನಗಿದೆ. — ಅಕ್ಕ)


ಮೇ ೯

ಅಕ್ಕ, ಭಾವ, ಇಬ್ಬರಿಗೂ,

ಬರೆದೆ. ಸಂದರ್ಭಾನುಸಾರ ಅನ್ನೋದನ್ನು ಹರಿದು ಹಾಕಿ ಬರೆದೆ. ನಾಲ್ವರಿದ್ದೆವು. ನಾಲ್ಕನೆಯವಳಿಗೆ ಸಂಬಳ ಇರಲಿಲ್ಲ, ಬೂಟು ಇರಲಿಲ್ಲ, ವರದಿಯಲ್ಲಿ ಜಾಗ ಇರಲಿಲ್ಲ. ಅವಳು ಇಲ್ಲದಿದ್ದರೆ ಒಳಗಿದ್ದ ಇಬ್ಬರೂ ಸತ್ತಿರುತ್ತಿದ್ದರು. ಮೂವರಿಂದ ಆಗುತ್ತೆ ಅನ್ನೋದಕ್ಕೆ ನಮ್ಮನ್ನು ಪುರಾವೆ ಮಾಡುವುದು ಸುಳ್ಳು. ಹೀಗೆ ಬರೆದು ಸಹಿ ಹಾಕಿ ನಾನೇ ಒಯ್ದು ದೊಡ್ಡ ಸಾಹೇಬರ ಮುಂದೆ ಇಟ್ಟೆ. ಪದಕಾನೂ ಪಕ್ಕದಲ್ಲಿ ಇಟ್ಟೆ.

ಕಿರುಚ್ತಾರೆ ಅಂದುಕೊಂಡಿದ್ದೆ. ಅವರು ನಿಧಾನವಾಗಿ ಓದಿದರು. ಕನ್ನಡಕ ತೆಗೆದರು. ಅವರ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ ಇದೆ, ಅದನ್ನು ನೋಡ್ತಾ ಕೂತರು. ಮೀನು ಆ ಕಡೆ ಹೋದರೆ ಅವರ ಕಣ್ಣೂ ಆ ಕಡೆ.

"ಅಂದರೆ ಸಾಮಾನ್ಯ ಹೆಣ್ಣುಮಗಳೊಬ್ಬಳು ಬಾಗಿಲ ಕೆಲಸ ಮಾಡಿದಳು," ಅಂದರು.

"ಹೌದು ಸಾರ್."

"ತರಬೇತಿ ಇಲ್ಲದೆ."

"ಕೈ ಸುಟ್ಟುಕೊಂಡಳು ಸಾರ್."

"ಎಂಥ ಒಳ್ಳೆ ವಿಚಾರ ಕೊಟ್ಟಿರಪ್ಪ ನೀವು!"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥ ಆದಮೇಲೆ ಕಾಲ ಕೆಳಗಿನ ನೆಲ ನಿಮ್ಮ ಕನಸಿನ ಮೆಟ್ಟಿಲಿನ ಹಾಗೆ ಕುಸಿಯಿತು ಭಾವ. ಈಗ ಹೊಸ ಯೋಜನೆ: ಪಾಳಿಗೆ ಮೂವರು ನೌಕರರು, ಬಾಗಿಲಿಗೆ ಆಯಾ ಬೀದಿಯ ಹೆಂಗಸರು. ಬಿಟ್ಟಿ. ಒಂದು ಟೋಪಿ, ಒಂದು ಪ್ರಶಸ್ತಿಪತ್ರ. ಹೆಸರು ‘ಮನೆಬಾಗಿಲ ಸೇವೆ’. ಮೊದಲ ಟೋಪಿ ನಿನಗೇ ಅಕ್ಕ. ನಿನ್ನ ಚಿತ್ರ ಬರೆಸಿ ಪೋಸ್ಟರ್ ಮಾಡಿಸಿದ್ದಾರೆ. ಅದರಲ್ಲಿ ನೀನು ನಗ್ತಿದ್ದೀಯ, ಹಿಂದೆ ಬೆಂಕಿ ಹೂವಿನ ಹಾಗಿದೆ.

ನಾನು ನಿಜ ಹೇಳಿದೆ. ಅವರು ಅದಕ್ಕೆ ಬಣ್ಣ ಹೊಡೆದು ಗೋಡೆಗೆ ಅಂಟಿಸಿದರು. ಜೂನ್ ಮೊದಲ ವಾರ ಸ್ಟೇಷನ್ನಿನ ಅಂಗಳದಲ್ಲೇ ನಿನಗೆ ಸನ್ಮಾನ. ಪೋಸ್ಟರಿನ ಕಟ್ಟು ಹೊತ್ತುಕೊಂಡು ಅವರ ಹಿಂದೆ ಬರೋನು ನಾನೇ.

ಬರಬೇಡ ಅಕ್ಕ. ಮೈ ಸರಿಯಿಲ್ಲ ಅಂತ ಹೇಳಿಕಳಿಸು.

ಇಂತಿ,
ತಮ್ಮ


ಜೂನ್ ೬

ತಮ್ಮಾ,

ಅಂಗಳದಲ್ಲಿ ಅರ್ಧ ನಿನ್ನ ಕಣ್ಣೆದುರೇ ಆಯ್ತು. ನೀನು ಗಾಡಿ ಹತ್ತಿ ಹೋದ ಮೇಲಿನದು ನಿನಗೆ ಗೊತ್ತಿಲ್ಲ. ವಾಪಸ್ ಬಂದವನನ್ನ ಮಾತಾಡಿಸೋಕೂ ಬಿಡದೆ ಕಾರಿನಲ್ಲಿ ಹಾಕಿಕೊಂಡು ಹೋದರು. ಅದಕ್ಕೆ ಬರೀತಿದ್ದೀನಿ. ವಿಚಾರಣೆಗೆ ಕೂರೋ ಮುಂಚೆ ಓದಿಕೋ.

ನಾನು ಬರ್ತೀನಿ ಅಂತ ನಿನಗೆ ಗೊತ್ತಿತ್ತು. ನಮ್ಮ ಫ್ಯಾಕ್ಟರಿ ಲೈನಿನ ಹೆಂಗಸರೆಲ್ಲ ಬರ್ತಾರೆ ಅಂತ ಗೊತ್ತಿರಲಿಲ್ಲ, ಅಲ್ವಾ? ನಿನ್ನ ಮುಖ ನೋಡಬೇಕಿತ್ತು, ಪೋಸ್ಟರ್ ಕಟ್ಟಿನ ಹಿಂದೆ ಇಲಿ ಹಾಗೆ. ಸಾಹೇಬರು ಟೋಪಿ ಎತ್ತುತ್ತಾ "ತಾಯಿ, ಇದು ಸೇವೆ" ಅಂದಾಗ ನಾನು ಕೇಳಿದ್ದು ನಿನಗೂ ಕೇಳಿಸಿರಬೇಕು. "ಸೇವೆಗೆ ಬೂಟು ಯಾವ ಸೈಜಿನದು ಕೊಡ್ತೀರಿ ಸಾರ್? ಸತ್ತರೆ ಮನೆಯವರಿಗೆ ಏನು ಕೊಡ್ತೀರಿ?" ಅವರು ನಕ್ಕರು. "ನೌಕರಿ ಕೊಡಿ, ಸಾಲಾಗಿ ನಿಲ್ತೀವಿ. ಟೋಪಿ ಮನೇಲಿದೆ" ಅಂದೆ. ಹಿಂದಿನಿಂದ ನಮ್ಮ ಗುಂಡಿ ಹೊಲಿಯೋ ಅಜ್ಜಿ, "ಇವರ ಹೆಂಡ್ರನ್ನ ಮೊದಲು ಬಾಗಿಲಲ್ಲಿ ನಿಲ್ಲಿಸ್ಲಿ, ಆಮೇಲೆ ನಾವು" ಅಂದಳು.

ಅಷ್ಟರಲ್ಲೇ ಗಂಟೆ.

ಆ ಗಂಟೆಗೆ ನಿನ್ನ ಭಾವ ಕಟ್ಟಿದ ಕೈ ಮರೆತು ಓಡಿದ್ದು, ನಾನು ಅಂಗಿ ಹಿಡಿದು ಎಳೆದಿದ್ದು, ನೀನು ನೋಡಿದೆ. ಡ್ರೈವರ್ ಹತ್ತಿದ. ಆಸ್ಪತ್ರೆಯಿಂದ ಬಂದು ಇನ್ನೂ ವಾರ ತುಂಬದ ತಾತ ಹತ್ತಿದ. ಬೇರೆ ಸ್ಟೇಷನ್ನಿಂದ ಎರವಲು ಬಂದಿದ್ದ ಹುಡುಗನನ್ನ ಹಿಂದಿನ ದಿನವೇ ವಾಪಸ್ ಕರೆಸಿಕೊಂಡಿದ್ದರು. ಮೂರನೆಯವನೂ ಇಲ್ಲ. ಆಗ ಪೋಸ್ಟರಿನ ಕಟ್ಟು ನೆಲಕ್ಕೆ ಬಿದ್ದ ಸದ್ದು ಕೇಳಿಸ್ತು. ತಿರುಗಿ ನೋಡಿದರೆ ನೀನು ನಿನ್ನ ಭಾವನ ಕೋಟು ಗೂಟದಿಂದ ಎಳಕೊಂಡು ಗಾಡಿ ಮೆಟ್ಟಿಲ ಮೇಲೆ ಇದ್ದೆ. ಸಾಹೇಬರು "ಏಯ್, ಯಾರು ಅನುಮತಿ ಕೊಟ್ಟಿದ್ದು!" ಅಂದರು. ನೀನು ಕೇಳಿಸಿಕೊಳ್ಳಲಿಲ್ಲ.

ಇನ್ನು ಮುಂದಿನದು.

ಬಣ್ಣದ ಅಂಗಡಿಯ ಬೆಂಕಿ ನಮಗೆ ಅಂಗಳದಿಂದಲೇ ಕಾಣ್ತಿತ್ತು. ಮನೆಗಳ ಮಾಡಿನ ಮೇಲೆ ಹೊಗೆ ಎದ್ದಿತು. ಮೊದಲು ಬಿಳಿ. ಆಮೇಲೆ ಹಸಿರು. ಆಮೇಲೆ ಹಳದಿ, ನೇರಳೆ. ಬಿಸಿಲಲ್ಲಿ ಅಷ್ಟು ದೊಡ್ಡ ಬಣ್ಣದ ಮೋಡ ಮೆಲ್ಲಗೆ ಉರುಳ್ತಾ ಹೋಗೋದು ನೋಡಿ ಒಬ್ಬಳ ಕಂಕುಳಲ್ಲಿದ್ದ ಕೂಸು ಕೇಕೆ ಹಾಕಿ ನಕ್ಕಿತು. ಯಾರೂ ಅದಕ್ಕೆ ಸುಮ್ಮನಿರು ಅನ್ನಲಿಲ್ಲ.

ಸಾಹೇಬರು ಕಾರಿನ ಕಡೆ ನಡೆದರು. ನಾವು ಕಾರಿನ ಮುಂದೆ ಕೂತೆವು. ಕೂಗಲಿಲ್ಲ, ಘೋಷಣೆ ಇಲ್ಲ, ಸೆರಗು ಸರಿಮಾಡಿಕೊಂಡು ಕೂತೆವು ಅಷ್ಟೆ.

"ಏನಮ್ಮ ಇದು? ನನಗೆ ಮೀಟಿಂಗಿದೆ."

"ನಮಗೂ ಪಾಳಿ ಇದೆ ಸಾರ್. ಬಿಟ್ಟು ಬಂದಿದ್ದೀವಿ."

"ನಾನು ಏನು ಮಾಡಬೇಕು ಅಂತೀರಿ?"

"ಏನೂ ಮಾಡಬೇಡಿ. ಕಾಯಿರಿ."

"ಯಾವುದಕ್ಕೆ?"

"ಅವರು ಬರೋದಕ್ಕೆ. ಈ ಗಾಡಿ ಹೋದಾಗಲೆಲ್ಲ ನಾವು ಮಾಡೋ ಕೆಲಸ ಇದೊಂದೇ. ಇವತ್ತು ನೀವೂ ಮಾಡಿ."

ಡ್ರೈವರನ ಹೆಂಡತಿ ಒಳಗಿಂದ ಒಂದು ಕುರ್ಚಿ ತಂದು ಹಾಕಿದಳು. ತಿರುಗೋದಲ್ಲ. ಮರದ್ದು. ಕೂತರು. ಅವರ ಮುಖ ಮೊದಲು ಸಿಟ್ಟಲ್ಲಿತ್ತು. ಆಮೇಲೆ ಬೇಜಾರಲ್ಲಿ. ಒಳಗೆ ವೈರ್‌ಲೆಸ್ಸು ಗೊರಗೊರ ಅಂತಿತ್ತು. ತಾತನ ಧ್ವನಿ ಒಂದು ಸಲ ಬಂತು, "ಒಳಗೆ ಹೋದ," ಅಷ್ಟೆ. ಆಮೇಲೆ ಬರೀ ಗೊರಗೊರ. ಹೊಗೆ ಕಪ್ಪಾಯಿತು. ಕೂಸು ನಿದ್ದೆ ಹೋಯ್ತು. ಅಂಗಳ ಹೇಗಿತ್ತು ಅಂದರೆ, ಎಲ್ಲರೂ ಒಬ್ಬಳೇ ಹೆಂಗಸಿನ ಕನಸಿನೊಳಗೆ ಕೂತಿದ್ದೀವಿ, ಅವಳು ಎದ್ದರೆ ಎಲ್ಲ ಮುಗಿಯುತ್ತೆ ಅನ್ನೋ ಹಾಗೆ.

ಬಹಳ ಹೊತ್ತಿಗೆ ಸಾಹೇಬರು ಮೆಲ್ಲಗೆ ನನ್ನ ಕಡೆ ಬಾಗಿ ಕೇಳಿದರು. "ಯಾವಾಗಲೂ ಇಷ್ಟು ಹೊತ್ತಾಗುತ್ತಾ?"

"ಆಗಲ್ಲ ಸಾರ್. ಆದ ಹಾಗೆ ಅನ್ಸುತ್ತೆ."

ಆಮೇಲೆ ಅವರೇ ಎದ್ದು ವೈರ್‌ಲೆಸ್ಸಿನ ಹತ್ತಿರ ಹೋಗಿ, ಗುಂಡಿ ಒತ್ತಿ ಕೇಳಿದರು. "ಒಳಗೆ ಎಷ್ಟು ಜನ ಇದ್ದಾರೆ?"

"ಒಬ್ಬ," ಅಂದ ತಾತ.

"ಒಬ್ಬನೇ ಯಾಕೆ?"

ಆ ಕಡೆಯಿಂದ ತಾತನ ಕೆಮ್ಮು ಬಂತು. ಅಷ್ಟೂ ಹೆಂಗಸರು ಅವರ ಮುಖ ನೋಡಿದೆವು. ಅವರು ಕೈಲಿದ್ದ ಮೈಕು ಕೆಳಗಿಡೋದನ್ನ ಮರೆತು ನಿಂತೇ ಇದ್ದರು.

ಗಾಡಿ ಬಂತು. ಡ್ರೈವರ್ ಇಳಿದ. ತಾತ ಇಳಿದ. ಆಮೇಲೆ ಬಾಗಿಲಲ್ಲಿ ಯಾರೂ ಇಲ್ಲ. ತಮ್ಮಾ, ನನ್ನ ಜೀವ ಎಲ್ಲಿಗೆ ಹೋಗಿತ್ತು ಅಂತ ಬರೆಯೋಕೆ ಅಕ್ಷರ ಇಲ್ಲ. ಆ ಹೊತ್ತಲ್ಲಿ ನನ್ನ ಪಕ್ಕ "ಅಯ್ಯೋ" ಅಂದಿದ್ದು ಯಾರು ಅಂದುಕೊಂಡೆ? ನಿನ್ನ ಸಾಹೇಬರು. ಆಮೇಲೆ ನೀನು ಇಳಿದೆ. ಹುಬ್ಬಿಲ್ಲ, ಮೈತುಂಬ ಏಳು ಬಣ್ಣ, ಮದುವೆ ಮನೆಯ ಗೋಡೆ ಹಾಗೆ. ನಿನ್ನ ಭಾವ ಎಡಗೈಯಲ್ಲಿ ನಿನ್ನ ತಲೆಗೆ ಒಂದು ಕೊಟ್ಟು, "ಲೇ, ಬಾರೋ" ಅಂದರು.

ಸಾಹೇಬರು "ಅಯ್ಯೋ" ಅಂದಿದ್ದನ್ನ ಅಷ್ಟು ಜನ ಕೇಳಿದ್ದೀವಿ. ವಿಚಾರಣೆಯಲ್ಲಿ ಅನುಮತಿ ಯಾರು ಕೊಟ್ಟರು ಅಂತ ಕೇಳ್ತಾರೆ. ಖಾಲಿ ಸೀಟು ಕೊಟ್ಟಿತು ಅನ್ನು. ತಲೆ ತಗ್ಗಿಸಬೇಡ.

ನಿನ್ನ
ಅಕ್ಕ


ಜುಲೈ ೩

ಅಕ್ಕಾ, ಭಾವಾ,

ಸಸ್ಪೆಂಡ್ ಆದೆ. ಕೋಣೆ ಖಾಲಿ ಮಾಡ್ತಾ ಬರೀತಿದ್ದೀನಿ. ಕಿಟಕಿಯಿಂದ ಗಾಳಿ ಬರ್ತಿದೆ. ಇಷ್ಟು ದಿನ ಈ ಬಾಡಿಗೆ ಕೋಣೆಯ ಕಿಟಕಿ ತೆರೆಯುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

‘ಮನೆಬಾಗಿಲ ಸೇವೆ’ ಸತ್ತಿತು. ಪೋಸ್ಟರುಗಳನ್ನು ಮೆಟ್ಟಿಲ ಕೆಳಗೆ ತುರುಕಿದ್ದಾರೆ. ನಮ್ಮ ಸ್ಟೇಷನ್ನಿಗೆ ಪಾಳಿಗೆ ನಾಲ್ಕನೆಯ ಹುದ್ದೆ ಮಂಜೂರಾಗಿದೆ. ತರಬೇತಿ ಮುಗಿಸಿದ ಹುಡುಗಿಯೊಬ್ಬಳು ಮುಂದಿನ ವಾರ ಬಂದು ಸೇರ್ತಾಳೆ. ಭಾವ, ನಿಮ್ಮ ಭುಜ ಕೂಡಿ ನೀವು ಮತ್ತೆ ಒಳಗೆ ಹೋಗೋ ದಿನಕ್ಕೆ ನಿಮ್ಮ ಹಿಂದೆ ಅವಳಿರ್ತಾಳೆ. ನಾನು ಆಗಬೇಕಿತ್ತು ಅಂತ ಒಂದು ಗಳಿಗೆ ಅನಿಸಿತು. ಆಮೇಲೆ, ಯಾರಾದರೇನು, ಒಬ್ಬರಿದ್ದಾರಲ್ಲ ಅನಿಸಿತು. ನಿನ್ನೆ ಹಗಲು ನಾನೂ ಮಲಗಿದೆ, ಯಾವ ಬೆನ್ನೂ ಕನಸಿನಲ್ಲಿ ಬರಲಿಲ್ಲ.

ಆದರೆ ಆದೇಶ ಪೂರ್ತಿ ಓದಿದರೆ ಮೈ ಉರಿಯುತ್ತೆ. ನಾಲ್ಕನೆಯ ಹುದ್ದೆ ನಮ್ಮ ಒಂದು ಸ್ಟೇಷನ್ನಿಗೆ ಮಾತ್ರ. ಕಾರಣ ಅಂತ ಹೀಗೆ ಬರೆದಿದ್ದಾರೆ: ‘ಮೇಲಧಿಕಾರಿಗಳು ಖುದ್ದಾಗಿ ಅವಲೋಕಿಸಿದಂತೆ ಅಗತ್ಯವೆಂದು ಕಂಡುಬಂದಿರುವುದರಿಂದ’. ಉಳಿದ ಅಷ್ಟೂ ಸ್ಟೇಷನ್ನುಗಳಲ್ಲಿ ಮೂವರೇ, ಇವತ್ತೂ ಒಬ್ಬೊಬ್ಬನೇ ಒಳಗೆ ಹೋಗ್ತಿದ್ದಾನೆ. ಯಾಕೆ? ಅಲ್ಲಿಯ ಅಂಗಳಗಳಲ್ಲಿ ಸಾಹೇಬರು ಇನ್ನೂ ಕೂತು ಕಾದಿಲ್ಲ.

ಅಕ್ಕ, ನಿಮ್ಮ ಲೈನಿನವರಿಗೆ ವಾರದ ರಜೆ ಯಾವತ್ತು? ಸಾಹೇಬರು ಯಾವ ದಿನ ಯಾವ ಊರಿನ ಸ್ಟೇಷನ್ ನೋಡೋಕೆ ಹೋಗ್ತಾರೆ ಅನ್ನೋದು ನನಗೆ ಬಾಯಿಪಾಠ. ನಾನು ಮೊದಲೇ ಹೋಗಿ ಅಲ್ಲಿಯ ಹೆಂಡತಿಯರು, ಅಮ್ಮಂದಿರು, ಅಕ್ಕಂದಿರನ್ನ ಮಾತಾಡಿಸಿ ಇಟ್ಟಿರ್ತೀನಿ. ನೀವು ಬಂದು ಅವರ ಪಕ್ಕ ಕೂತರೆ ಸಾಕು.

ಒಂದೊಂದು ಅಂಗಳದಲ್ಲೂ ಒಂದೊಂದು ಮರದ ಕುರ್ಚಿ ಹಾಕಿಸೋಣ. ಕಾಯಲಿ.

ಬರ್ತಿದ್ದೀನಿ,
ತಮ್ಮ